ಜರ್ಮನಿಯ ಫ್ಯಾಕ್ಟರಿಯಲ್ಲೇ ಹೊಸ ಪೋರ್ಷೆ 911 ಕಾರು ಪಡೆಯುವುದು ಹೇಗೆ? ಪ್ರಶ್ನೆ, ಉತ್ತರ

ಪ್ರಶ್ನೆ (ನ್ಯೂಜೆರ್ಸಿಯಿಂದ):
ನಮಸ್ಕಾರ ಸರ್. ನೀವು ಇಲ್ಲಿ ಸ್ಪೋರ್ಟ್ಸ್ ಕಾರ್ ಡೀಲರ್‌ಶಿಪ್‌ನಲ್ಲಿ ಬಹಳ ವರ್ಷದಿಂದ ಸೇಲ್ಸ್ ನೋಡಿಕೊಳ್ಳುತ್ತಿದ್ದೀರಿ ಅಂತ ಗುಂಪಿನವರು ಹೇಳಿದರು. ನಾನು ಪೋರ್ಷೆ 911 ಕರೇರಾ ಟಿ ಆರ್ಡರ್ ಮಾಡುವ ಯೋಚನೆಯಲ್ಲಿದ್ದೇನೆ. ಇಲ್ಲಿ ಡೀಲರ್ ಹತ್ತಿರ ತಗೊಳ್ಳುವ ಬದಲು ಸ್ಟುಟ್‌ಗಾರ್ಟ್‌ಗೆ ಹೋಗಿ ಫ್ಯಾಕ್ಟರಿಯಲ್ಲೇ ಪಡೆದು, ಹೆಂಡತಿ ಜೊತೆ ಆಲ್ಪ್ಸ್ ಸುತ್ತಿ, ಆಮೇಲೆ ಹಡಗಿನಲ್ಲಿ ಕಳಿಸಬೇಕು ಅಂತ ಆಸೆ. ಹೀಗೆ ಮಾಡಿದರೆ ದುಡ್ಡು ಉಳಿಯುತ್ತಾ? ಮುಂದಿನ ಮೇ ತಿಂಗಳಿಗೆ ವಿಮಾನದ ಟಿಕೆಟ್ ಈಗಲೇ ಅಗ್ಗವಾಗಿ ಸಿಗುತ್ತಿದೆ, ತಗೊಂಡುಬಿಡಲಾ?

ಉತ್ತರ:
ನಮಸ್ಕಾರ. ಟಿಕೆಟ್ ತಗೋಬೇಡಿ. ಮೊದಲು ಇದನ್ನು ಹೇಳಿ ಮುಂದೆ ಹೋಗುತ್ತೇನೆ.

ಈ ವ್ಯವಹಾರದಲ್ಲಿ ತಾರೀಖು ನಿಮ್ಮ ಕೈಯಲ್ಲಿ ಇರುವುದಿಲ್ಲ. ಡೀಲರ್‌ಗೆ ಕಂಪನಿ ಅಲೊಕೇಶನ್ (ಇಂತಿಷ್ಟು ಕಾರು ಅಂತ ಪಾಲು) ಕೊಡಬೇಕು, ಅದರಲ್ಲಿ ಒಂದು ನಿಮಗೆ ಸಿಗಬೇಕು, ಸ್ಪೆಕ್ (ಬಣ್ಣ, ಆಪ್ಷನ್‌ಗಳ ಪಟ್ಟಿ) ಲಾಕ್ ಆಗಬೇಕು, ಕಾರು ತಯಾರಾಗಬೇಕು. ಆಮೇಲೆ ಫ್ಯಾಕ್ಟರಿಯವರು ಹಸ್ತಾಂತರದ ದಿನ ಕೊಡುತ್ತಾರೆ. ಒಂದು ಬಿಡಿಭಾಗ ತಡವಾದರೂ ವಾರಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ಹಸ್ತಾಂತರದ ದಿನ ಲಿಖಿತವಾಗಿ ಕೈಗೆ ಬರುವವರೆಗೆ, ವಾಪಸ್ ಮಾಡಲಾಗದ ಯಾವ ಬುಕಿಂಗೂ ಬೇಡ. ಹೋಟೆಲ್ ಕೂಡ ರದ್ದು ಮಾಡಲು ಆಗುವಂಥದ್ದೇ ಇರಲಿ.

ದುಡ್ಡಿನ ವಿಷಯ. ಬಿಎಂಡಬ್ಲ್ಯು ಹಿಂದೆ ಮ್ಯೂನಿಕ್‌ನಲ್ಲಿ ಕಾರು ಪಡೆಯುವ ಅಮೆರಿಕದ ಗ್ರಾಹಕರಿಗೆ ಬೆಲೆಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಅದಕ್ಕೇ ‘ಉಳಿತಾಯ’ ಅನ್ನೋ ಮಾತು ಇನ್ನೂ ಓಡಾಡುತ್ತಿದೆ. ಆ ಯೋಜನೆಯನ್ನು ಅವರು 2020ರಲ್ಲೇ ನಿಲ್ಲಿಸಿದರು. ಪೋರ್ಷೆಯಲ್ಲಿ ಉಳಿತಾಯದ ಲೆಕ್ಕ ಹಾಕಲೇಬೇಡಿ. ವಿಮಾನ, ಹೋಟೆಲ್, ಪೆಟ್ರೋಲ್ ಎಲ್ಲ ಸೇರಿದರೆ ಖರ್ಚು ಜಾಸ್ತಿಯೇ. ಹಣ ಪೂರ್ತಿ ಕಟ್ಟಿದ ಮೇಲೇ ಕೀಲಿ ಕೊಡುತ್ತಾರೆ. ಸಾಲ ತಗೊಂಡಿದ್ದರೆ ಕಾರು ಇನ್ನೂ ಸಮುದ್ರದ ಮೇಲಿರುವಾಗಲೇ ಕಂತು ಶುರುವಾಗಿರುತ್ತದೆ. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಮುಂದುವರಿಯಿರಿ. ಒಪ್ಪಿಗೆ ಇದ್ದವರಿಗೆ ನಾನು ಖಂಡಿತ ಹೋಗಿ ಅಂತಲೇ ಹೇಳುತ್ತೇನೆ.

ಆರ್ಡರ್ ಅಮೆರಿಕದ ಡೀಲರ್ ಮೂಲಕವೇ ಆಗಬೇಕು. ಕಾರು ಅಮೆರಿಕದ ಮಾಲಿನ್ಯ ಮತ್ತು ಸುರಕ್ಷತಾ ನಿಯಮಕ್ಕೆ ತಕ್ಕ ಹಾಗೆ ತಯಾರಾಗಬೇಕು. ಜರ್ಮನಿಯ ಶೋರೂಮಿನಲ್ಲಿ ಕೊಂಡು ತಂದರೆ ಇಲ್ಲಿ ನೋಂದಣಿ ಆಗುವುದಿಲ್ಲ. ಈ ಸೌಲಭ್ಯ ಯಾವ ಮಾಡೆಲ್‌ಗೆ ಉಂಟು, ಶುಲ್ಕ ಎಷ್ಟು ಅನ್ನೋದು ಬದಲಾಗುತ್ತಿರುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಮೂರು ವಿಷಯ ಬರೆಸಿಕೊಳ್ಳಿ: ಸ್ಟಿಕ್ಕರ್ ಬೆಲೆಯ (ಕಂಪನಿ ನಮೂದಿಸಿದ ಬೆಲೆ) ಮೇಲೆ ಡೀಲರ್ ಎಷ್ಟು ಏರಿಸುತ್ತಾರೆ, ಆರ್ಡರ್ ರದ್ದಾದರೆ ಅಡ್ವಾನ್ಸ್ ವಾಪಸ್ ಬರುತ್ತಾ, ಮತ್ತು ಬೆಲೆ ಯಾವ ದಿನದ್ದು. ಈ ಕೊನೆಯದು ಮುಖ್ಯ. 2025ರ ಏಪ್ರಿಲ್‌ನಲ್ಲಿ ಯುರೋಪಿನ ಕಾರುಗಳ ಸುಂಕ 2.5ರಿಂದ 27.5 ಶೇಕಡಾಕ್ಕೆ ಹಾರಿತು, ಆಗಸ್ಟ್‌ನಿಂದ 15ಕ್ಕೆ ಇಳಿಯಿತು. ಆರ್ಡರ್‌ಗೂ ಡೆಲಿವರಿಗೂ ನಡುವೆ ಇಂಥದ್ದು ಆದರೆ ಹೊರೆ ಯಾರದ್ದು ಅಂತ ಮೊದಲೇ ಗೊತ್ತಿರಬೇಕು ಅಲ್ವಾ?

ಮೇ ತಿಂಗಳು ಬೇಡ ಅನ್ನಲು ಇನ್ನೊಂದು ಕಾರಣ ಹಿಮ. ಆಲ್ಪ್ಸ್‌ನ ಎತ್ತರದ ರಸ್ತೆಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಇಟಲಿಯ ಸ್ಟೆಲ್ವಿಯೊ ಘಾಟಿ 2757 ಮೀಟರ್ ಎತ್ತರದಲ್ಲಿದೆ, ಮೇ ಕೊನೆ ಅಥವಾ ಜೂನ್‌ಗೆ ತೆರೆಯುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿದ ನಮ್ಮವರು ಇದನ್ನು ನೋಡಲೇಬೇಕು: ಪ್ರಾಡ್ ಊರಿನ ಕಡೆಯಿಂದ ಹತ್ತಿದರೆ ಅಂಥ 48 ತಿರುವುಗಳಿವೆ. ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಘಾಟಿಗಳು ಅಕ್ಕಪಕ್ಕದಲ್ಲೇ ಇವೆ, ಮೂರನ್ನೂ ಒಂದೇ ದಿನ ಸುತ್ತಬಹುದು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್. ರಜೆಯ ಜನ ಕಡಿಮೆ, ರಸ್ತೆ ಖಾಲಿ.

ಪ್ರಶ್ನೆ (ಅದೇ ಸದಸ್ಯರು):
ತುಂಬಾ ಥ್ಯಾಂಕ್ಸ್ ಸರ್. ಟಿಕೆಟ್ ತಗೊಳ್ಳಲಿಲ್ಲ. ನಾವಿಬ್ಬರೂ ಭಾರತದ ಪಾಸ್‌ಪೋರ್ಟ್, ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ನನ್ನ ಐ-797 (ಅದರ ಮಂಜೂರಾತಿ ಪತ್ರ) ಇನ್ನೂ ಎರಡು ವರ್ಷ ಇದೆ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮಾತ್ರ ಮುಗಿದಿದೆ. ತೊಂದರೆ ಇಲ್ಲ ತಾನೇ?

ಉತ್ತರ:
ತೊಂದರೆ ಇದೆ, ಅದೂ ದೊಡ್ಡದು. ಐ-797 ಇದ್ದರೆ ಅಮೆರಿಕದಲ್ಲಿ ಇರಬಹುದು, ಕೆಲಸ ಮಾಡಬಹುದು. ಹೊರಗೆ ಹೋಗಿ ವಾಪಸ್ ಬರಲು ಚಾಲ್ತಿಯಲ್ಲಿರುವ ಸ್ಟಾಂಪ್ ಬೇಕೇ ಬೇಕು. ಮೆಕ್ಸಿಕೊ, ಕೆನಡಾಕ್ಕೆ ಮೂವತ್ತು ದಿನದ ಒಳಗೆ ಹೋಗಿ ಬರುವವರಿಗೆ ಇರುವ ವಿನಾಯಿತಿ ಜರ್ಮನಿಗೆ ಅನ್ವಯಿಸುವುದಿಲ್ಲ. ಜರ್ಮನಿಯಲ್ಲೇ ಸ್ಟಾಂಪಿಂಗ್ ಮಾಡಿಸಿಕೊಳ್ಳೋಣ ಅಂತ ಲೆಕ್ಕ ಹಾಕಬೇಡಿ. 2025ರ ಸೆಪ್ಟೆಂಬರ್‌ನಿಂದ ಸ್ವಂತ ದೇಶದಲ್ಲೋ ವಾಸದ ದೇಶದಲ್ಲೋ ಅರ್ಜಿ ಹಾಕಿ ಅಂತ ಅಮೆರಿಕ ಸರ್ಕಾರದವರು ಹೇಳುತ್ತಿದ್ದಾರೆ. ಅಂದರೆ ನಿಮಗೆ ಊರಿಗೆ ಹೋಗಿ ಸ್ಟಾಂಪಿಂಗ್ ಮುಗಿಸಿಕೊಂಡು ಬಂದ ಮೇಲೇ ಈ ಪ್ರವಾಸ. ವಕೀಲರ ಹತ್ತಿರ ಮಾತಾಡಿ ಆಮೇಲೆ ಆರ್ಡರ್ ಕೊಡಿ. ಎಷ್ಟು ಚಂದದ ಕಾರಾದರೂ ಕೆಲಸಕ್ಕಿಂತ ದೊಡ್ಡದಲ್ಲ.

ಜೊತೆಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಈ ದೇಶಗಳಿಗೆಲ್ಲ ಸೇರಿ ಇರುವ ಒಂದೇ ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದರೆ ಗ್ರೀನ್ ಕಾರ್ಡ್ ಇದ್ದವರಿಗೂ ಬೇಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಜಾಸ್ತಿ ದಿನ ಯಾವ ದೇಶದಲ್ಲಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ. ಕಾರು ಜರ್ಮನಿಯಲ್ಲಿ ಸಿಗುತ್ತದೆ ಅಂತ ಅಲ್ಲಿಗೆ ಅರ್ಜಿ ಹಾಕಿ ಎಂಟು ರಾತ್ರಿ ಇಟಲಿಯಲ್ಲಿ ಉಳಿಯುವ ಪಟ್ಟಿ ಕೊಟ್ಟರೆ ತಕರಾರು ಬರುತ್ತದೆ. 30,000 ಯುರೋ ವೈದ್ಯಕೀಯ ವಿಮೆಯೂ ಬೇಕು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮರೆಯಬೇಡಿ. ಎಎಎ (ಅಮೆರಿಕದ ವಾಹನ ಚಾಲಕರ ಸಂಘ) ಆಫೀಸಿನಲ್ಲಿ ಸುಲಭವಾಗಿ ಮಾಡಿಕೊಡುತ್ತಾರೆ. ಇಟಲಿ, ಆಸ್ಟ್ರಿಯಾ ಪೊಲೀಸರು ಕೇಳುತ್ತಾರೆ.

ಪ್ರಶ್ನೆ (ಮಿಷಿಗನ್‌ನಿಂದ):
ಸರ್, ನನಗೂ ಇದೇ ಆಸೆ. ಎರಡು ಪ್ರಶ್ನೆ. ಹೊಸ ಇಂಜಿನ್ ರನ್ನಿಂಗ್-ಇನ್ ಆಗುವವರೆಗೆ, ಅಂದರೆ ಹದಕ್ಕೆ ಬರುವವರೆಗೆ, ಜೋರಾಗಿ ಓಡಿಸಬಾರದು ಅಂತಾರೆ. ಹಾಗಾದರೆ ಜರ್ಮನಿಯ ಹೆದ್ದಾರಿ ಆಟೋಬಾನ್‌ಗೆ ಹೋಗಿ ಪ್ರಯೋಜನ ಏನು? ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ ಒಂದು ಸುತ್ತು ಹಾಕಬಹುದಾ?

ಉತ್ತರ:
ಮೇಡಂ, ಒಳ್ಳೆಯ ಪ್ರಶ್ನೆ. ನ್ಯೂರ್‌ಬರ್ಗ್‌ರಿಂಗ್ ಮೊದಲು ಮುಗಿಸುತ್ತೇನೆ: ಬೇಡ. ದುಡ್ಡು ಕೊಟ್ಟರೆ 20.8 ಕಿಲೋಮೀಟರಿನ ಆ ಟ್ರ್ಯಾಕಿಗೆ ಯಾರನ್ನಾದರೂ ಬಿಡುತ್ತಾರೆ, ನಿಜ. ಆದರೆ ಇಂಥ ಪ್ರವಾಸದ ಕಾರು ವಿಮೆಗಳಲ್ಲಿ ಟ್ರ್ಯಾಕ್ ಸೇರುವುದಿಲ್ಲ. ಕಬ್ಬಿಣದ ತಡೆಬೇಲಿಗೆ ತಾಗಿಸಿದರೆ ಅದರ ರಿಪೇರಿ ಖರ್ಚೂ ನಿಮ್ಮ ತಲೆ ಮೇಲೆ. ಅಷ್ಟು ಆಸೆ ಇದ್ದರೆ ಅಲ್ಲೇ ಟ್ರ್ಯಾಕಿಗೆ ಅಂತ ಕಾರು ಬಾಡಿಗೆ ಕೊಡುವವರಿದ್ದಾರೆ.

ಇನ್ನು ರನ್ನಿಂಗ್-ಇನ್. ಬಹಳ ವರ್ಷಗಳಿಂದ 911ರ ಕೈಪಿಡಿಗಳು ಹೇಳುತ್ತ ಬಂದಿದ್ದು ಮೊದಲ 3000 ಕಿಲೋಮೀಟರ್ ಸುಮಾರು 4000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ದಾಟಬೇಡಿ ಅಂತ. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೋ ಅದನ್ನೇ ಪಾಲಿಸಿ. ಆದರೆ ಇದರಿಂದ ಪ್ರವಾಸ ಸಪ್ಪೆ ಆಗುವುದಿಲ್ಲ. ಕರೇರಾ ಟಿಯಲ್ಲಿ ಆರು ಗೇರಿನ ಮ್ಯಾನುವಲ್ ಇರುತ್ತದೆ. ಆರನೇ ಗೇರಿನಲ್ಲಿ ಗಂಟೆಗೆ 130-140 ಕಿಲೋಮೀಟರ್ ಹೋಗುವಾಗ ಇಂಜಿನ್ ಆ ಮಿತಿಯ ಕೆಳಗೇ ಇರುತ್ತದೆ. ರನ್ನಿಂಗ್-ಇನ್‌ಗೆ ಬೇಕಾಗಿರುವುದು ಒಂದೇ ವೇಗವಲ್ಲ, ಏರಿಳಿತ. ಘಾಟಿ ರಸ್ತೆಯಲ್ಲಿ ಎರಡು, ಮೂರು, ಮತ್ತೆ ಎರಡು ಅಂತ ಗೇರ್ ಬದಲಿಸುತ್ತಾ ಹತ್ತುವುದು ಹೊಸ ಇಂಜಿನ್‌ಗೆ ಬಹಳ ಒಳ್ಳೆಯದು. ಆ ಕಾರಿನ ಗೇರ್ ಹಿಡಿ ವಾಲ್‌ನಟ್ ಮರದ್ದು. ಮುಂಜಾನೆಯ ಚಳಿಯಲ್ಲಿ ಹಿಡಿದರೂ ಲೋಹದ ಹಾಗೆ ಕೈ ಕೊರೆಯುವುದಿಲ್ಲ. ಇಂಥ ಕಾರನ್ನು ಬೆಟ್ಟದ ರಸ್ತೆಯಲ್ಲೇ ಪರಿಚಯ ಮಾಡಿಕೊಳ್ಳಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಆಟೋಬಾನ್ ಎರಡನೆಯದು.

ಹೊಸ ಟೈರು ಮೊದಲು ಸ್ವಲ್ಪ ಜಾರುತ್ತದೆ, ಬ್ರೇಕ್ ಪ್ಯಾಡ್ ಕೂರಲು ಕೂಡ ಇನ್ನೂರು ಕಿಲೋಮೀಟರ್ ಬೇಕು. ಅದಕ್ಕೆ ಮೊದಲ ದಿನ ಸ್ಟೆಲ್ವಿಯೊ ಕಡೆ ನುಗ್ಗಬೇಡಿ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬಿ500 ಅಂತ ಒಂದು ರಸ್ತೆ ಇದೆ. ಸುಮಾರು 60 ಕಿಲೋಮೀಟರ್, ಬ್ಲ್ಯಾಕ್ ಫಾರೆಸ್ಟ್ ಬೆಟ್ಟದ ನೆತ್ತಿಯ ಮೇಲೇ ಹೋಗುತ್ತದೆ. ಸ್ಟುಟ್‌ಗಾರ್ಟ್‌ಗೆ ಹತ್ತಿರ. ಮೊದಲ ದಿನಕ್ಕೆ ಹೇಳಿ ಮಾಡಿಸಿದ ದಾರಿ.

ಆಟೋಬಾನ್‌ನಲ್ಲಿ ಬಲಗಡೆಯೇ ಇರಿ. ಓವರ್‌ಟೇಕ್ ಮಾಡಲು ಮಾತ್ರ ಎಡಕ್ಕೆ ಬಂದು ತಕ್ಷಣ ವಾಪಸ್ ಬಲಕ್ಕೆ. ಎಡಕ್ಕೆ ಬರುವ ಮುಂಚೆ ಕನ್ನಡಿ ಎರಡು ಸಲ ನೋಡಿ. ದೂರದಲ್ಲಿ ಚುಕ್ಕೆಯಂತೆ ಕಂಡ ದೀಪ 220ರ ವೇಗದಲ್ಲಿ ಬರುತ್ತಿರಬಹುದು. ವಾಹನ ನಿಂತುಬಿಟ್ಟರೆ ಆಂಬುಲೆನ್ಸ್‌ಗೆ ಅಂತ ನಡುವೆ ದಾರಿ ಬಿಡುವುದು ಅಲ್ಲಿ ಕಾನೂನು. ಗಡಿ ದಾಟಿದ ಮೇಲೆ ಎಚ್ಚರ. ಹೆದ್ದಾರಿ ಮಿತಿ ಆಸ್ಟ್ರಿಯಾದಲ್ಲಿ 130, ಸ್ವಿಟ್ಜರ್ಲೆಂಡಿನಲ್ಲಿ 120. ಎರಡೂ ಕಡೆ ವಿಪರೀತ ಮೀರಿದರೆ ಕಾರನ್ನೇ ಜಪ್ತಿ ಮಾಡುವ ಕಾನೂನು ಇದೆ. ಎರಡೂ ದೇಶದ ಹೆದ್ದಾರಿಗೆ ವಿನ್ಯೆಟ್ (ಟೋಲ್ ಸ್ಟಿಕ್ಕರ್) ಕೊಳ್ಳಬೇಕು. ಪೆಟ್ರೋಲ್ ಬಂಕ್‌ನಲ್ಲಿ ‘ಸೂಪರ್ ಪ್ಲಸ್’ ಅಂತ ಬರೆದಿರುವ 98 ಆಕ್ಟೇನ್ ಹಾಕಿಸಿ, ಅದು ಇಲ್ಲಿನ 93ಕ್ಕೆ ಸಮ.

ಪ್ರಶ್ನೆ (ಬೆಂಗಳೂರಿನಿಂದ):
ಅಣ್ಣಾ, ಇದೇ ರೀತಿ ಜರ್ಮನಿಯಲ್ಲಿ ತಗೊಂಡು ಓಡಿಸಿ ಬೆಂಗಳೂರಿಗೆ ತರಬಹುದಾ?

ಉತ್ತರ:
ಈ ದಾರಿ ನಿಮಗೆ ಸರಿಹೋಗುವುದಿಲ್ಲ. ಭಾರತಕ್ಕೆ ತರುವ ಕಾರಿಗೆ ಸ್ಟೀರಿಂಗ್ ಬಲಗಡೆ ಇರಬೇಕು, ನಮ್ಮ ಹೊಮೊಲೊಗೇಶನ್ (ಮಾಡೆಲ್‌ಗೆ ಸರ್ಕಾರದ ಒಪ್ಪಿಗೆ) ನಿಯಮ ಪಾಸಾಗಬೇಕು. ಸುಂಕವನ್ನೂ ನೋಡಿ. 2025ರ ಬಜೆಟ್ ಪ್ರಕಾರ 40,000 ಡಾಲರ್ ಮೀರಿದ ಕಾರಿಗೆ 70 ಶೇಕಡಾ ಮೂಲ ಸುಂಕ, ಮೇಲೆ 40 ಶೇಕಡಾ ಕೃಷಿ ಸೆಸ್. ಅದರ ಮೇಲೆ 40 ಶೇಕಡಾ ಜಿಎಸ್‌ಟಿ. ನೂರು ರೂಪಾಯಿ ಕಾರು ಬಂದರು ದಾಟುವಷ್ಟರಲ್ಲಿ 294 ಆಗುತ್ತದೆ. ಕರ್ನಾಟಕದ ಜೀವಾವಧಿ ತೆರಿಗೆ ಆಮೇಲೆ. ಊರಿನ ಡೀಲರ್ ಹತ್ತಿರವೇ ಕೊಳ್ಳಿ. ಪೋರ್ಷೆ ಫ್ಯಾಕ್ಟರಿ ಇರುವ ತ್ಸುಫೆನ್‌ಹೌಸನ್‌ಗೆ ಅವರ ಮ್ಯೂಸಿಯಂ ನೋಡಲು ಹೋಗಿ. ಸ್ಟುಟ್‌ಗಾರ್ಟ್ ನಗರದಿಂದ ಎಸ್6 ರೈಲು, ‘ನಾಯ್‌ವಿರ್ಟ್ಸ್‌ಹೌಸ್’ ಅನ್ನೋ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಇದೆ. ಒಂದು 911 ಬಾಡಿಗೆಗೆ ತಗೊಂಡು ಅದೇ ಬೆಟ್ಟ ಹತ್ತಿ. ಖುಷಿಗೆ ಏನೂ ಕಡಿಮೆ ಇಲ್ಲ.

ಪ್ರಶ್ನೆ (ನ್ಯೂಜೆರ್ಸಿಯವರೇ):
ಸರ್, ಸ್ಟಾಂಪಿಂಗ್‌ಗೆ ಊರಿಗೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ಕೊನೆಯದಾಗಿ, ಹಸ್ತಾಂತರದ ದಿನ ಏನೇನು ನೋಡಬೇಕು? ಕಾರು ಹಡಗಿಗೆ ಬಿಡುವಾಗ?

ಉತ್ತರ:
ಒಳ್ಳೆಯ ತೀರ್ಮಾನ. ಆ ದಿನ ಬೆಳಿಗ್ಗೆ ಬೇಗ ಹೋಗಿ, ಫ್ಯಾಕ್ಟರಿ ಟೂರ್ ಬಿಡಬೇಡಿ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದಕ್ಕೆ ಕಣ್ಣು ತುಂಬಾ ನೋಡಿಕೊಳ್ಳಿ. ಚರ್ಮದ ವಿಭಾಗದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಇಡೀ ಚರ್ಮವನ್ನು ಮೇಜಿನ ಮೇಲೆ ಹರಡಿ, ಕೀಟ ಕಚ್ಚಿದ ಕಲೆ, ತಂತಿ ಗೀರಿದ ಗೆರೆಗಳನ್ನು ಕೈಯಾಡಿಸಿ ಹುಡುಕಿ ಗುರುತು ಹಾಕುತ್ತಾರೆ. ಆ ಜಾಗ ಬಿಟ್ಟು ಕತ್ತರಿಸುತ್ತಾರೆ. ನಿಮ್ಮ ಸೀಟು ಹೀಗೇ ಆಗಿದ್ದು ಅಂತ ಗೊತ್ತಾಗುತ್ತದೆ.

ಕಾರಿನ ಹತ್ತಿರ ಬಂದಾಗ ಸಂಭ್ರಮದಲ್ಲಿ ಅವಸರ ಮಾಡಬೇಡಿ. ಆರ್ಡರ್ ಪತ್ರ ಕೈಯಲ್ಲಿಟ್ಟುಕೊಂಡು ಪ್ರತಿ ಆಪ್ಷನ್ ಟಿಕ್ ಮಾಡಿ. ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಹೊಂದುತ್ತಾ ನೋಡಿ. ಪೇಂಟು, ಚಕ್ರದ ಅಂಚು, ಗಾಜು ಎಲ್ಲವನ್ನೂ ನೋಡಿ ಫೋಟೊ ತೆಗೆದುಕೊಳ್ಳಿ. ನಂಬರ್ ಪ್ಲೇಟ್ ಎಕ್ಸ್‌ಪೋರ್ಟ್‌ನದ್ದು. ಬಲಗಡೆ ಕೆಂಪು ಪಟ್ಟಿಯಲ್ಲಿ ಅವಧಿ ಮುಗಿಯುವ ತಾರೀಖು ಇರುತ್ತದೆ. ಆ ತಾರೀಖು ದಾಟಿ ಒಂದು ದಿನವೂ ರಸ್ತೆಯಲ್ಲಿ ಇರುವಂತಿಲ್ಲ. ವಿಮೆಯ ಪತ್ರದಲ್ಲಿ ಯಾವ ದೇಶ ಸೇರಿದೆ, ಅಪಘಾತ ಆದರೆ ನಿಮ್ಮ ಕೈಯಿಂದ ಎಷ್ಟು ಅಂತ ಅಲ್ಲೇ ಓದಿ. ಹಾಂ, ಲಗೇಜು. ಕಾರಿನ ಮುಂಭಾಗದ ಡಿಕ್ಕಿಯಲ್ಲಿ ಸುಮಾರು 130 ಲೀಟರ್ ಜಾಗ ಅಷ್ಟೇ. ದೊಡ್ಡ ಸೂಟ್‌ಕೇಸ್ ಹೋಗುವುದಿಲ್ಲ, ಮೆತ್ತನೆ ಬ್ಯಾಗು ತನ್ನಿ. ನ್ಯಾವಿಗೇಷನ್‌ನಲ್ಲಿ ಅಮೆರಿಕದ ನಕ್ಷೆ ಮಾತ್ರ ಇರಬಹುದು, ಫೋನ್ ಸಿದ್ಧ ಇಟ್ಟುಕೊಳ್ಳಿ. ಮೀಟರನ್ನು ಕಿಲೋಮೀಟರ್‌ಗೆ ಬದಲಿಸಿ ಹೊರಡಿ.

ವಾಪಸ್ ಬಿಡುವ ಮುಂಚೆ ಚೆನ್ನಾಗಿ ತೊಳೆಸಿ. ಚಕ್ರದ ಒಳಭಾಗದ ಮಣ್ಣು ಕೂಡ ಹೋಗಬೇಕು. ಹೊರದೇಶದ ಮಣ್ಣು ಅಂಟಿದ್ದರೆ ಅಮೆರಿಕದ ಬಂದರಿನಲ್ಲಿ ತಡೆಯುತ್ತಾರೆ. ಚಾಕೊಲೇಟು, ಬಟ್ಟೆ ಏನೂ ಕಾರಿನೊಳಗೆ ಬಿಡಬೇಡಿ. ಬಿಡುವ ಜಾಗದಲ್ಲಿ ಅಲ್ಲಿಯವರ ಎದುರಿಗೇ ಸುತ್ತ ಫೋಟೊ ತೆಗೆದು, ಗೀರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂತ ಸಹಿ ಹಾಕಿಸಿ. ಮನೆಗೆ ತಲುಪಲು ಒಂದೂವರೆಯಿಂದ ಎರಡೂವರೆ ತಿಂಗಳು ಲೆಕ್ಕ ಇಟ್ಟುಕೊಳ್ಳಿ.

ಹಡಗಿನ ವಿಮೆ ಯಾರ ಹೆಸರಲ್ಲಿ, ಪೂರ್ತಿ ಮೊತ್ತಕ್ಕಾ ಅಂತ ಡೀಲರ್‌ನಿಂದ ಬರೆಸಿಕೊಳ್ಳಿ. ಸುಮ್ನೆ ಹೆದರಿಸುತ್ತಿಲ್ಲ. 2022ರ ಫೆಬ್ರವರಿಯಲ್ಲಿ ಜರ್ಮನಿಯ ಎಮ್ಡೆನ್‌ನಿಂದ ರೋಡ್ ಐಲೆಂಡ್‌ಗೆ ಹೊರಟ ಫೆಲಿಸಿಟಿ ಏಸ್ ಹಡಗಿಗೆ ಅಜೋರ್ಸ್ ದ್ವೀಪಗಳ ಹತ್ತಿರ ಬೆಂಕಿ ಬಿತ್ತು. ಸಿಬ್ಬಂದಿ 22 ಜನರೂ ಬದುಕಿದರು. ಸುಮಾರು 4000 ಕಾರು ಹೊತ್ತಿದ್ದ ಹಡಗು ಮಾರ್ಚ್ 1ರಂದು ಮುಳುಗಿತು, ಅದರಲ್ಲಿ ಸಾವಿರಕ್ಕೂ ಹೆಚ್ಚು ಪೋರ್ಷೆಗಳಿದ್ದವು. ನಿಮ್ಮ ಕಾರು ಹಡಗು ಹತ್ತುವಷ್ಟರಲ್ಲಿ ನೀವು ಪೂರ್ತಿ ಹಣ ಕೊಟ್ಟಿರುತ್ತೀರಿ, ಅದು ನಿಮ್ಮದೇ ಕಾರು. ಈ ಒಂದು ಕಾಗದ ಬೇಕೇ ಬೇಕು.

ಸ್ಪೆಕ್ ಲಾಕ್ ಆಗುವ ಮುಂಚೆ ಆಪ್ಷನ್ ಪಟ್ಟಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಕಾರಿನ ಮೂತಿ ಎತ್ತಿಕೊಳ್ಳುವ ಫ್ರಂಟ್ ಆಕ್ಸಲ್ ಲಿಫ್ಟ್ ಮಾತ್ರ ಈಗಲೇ ಸೇರಿಸಿ. ನ್ಯೂಜೆರ್ಸಿಯ ಡ್ರೈವ್‌ವೇಗಳು ನನಗೆ ಚೆನ್ನಾಗಿ ಗೊತ್ತು.