ಊರ ಶಾಲೆಯೋ, ಪೇಟೆ ಶಾಲೆಯೋ? ಅನುಭವ ಇದ್ದವರು ಹೇಳಿ

ನಮ್ಮದು ಹೊಸನಗರ ಕಡೆ ಒಂದು ಹಳ್ಳಿ. ಜೂನ್‌ಗೆ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಮನೆಯಿಂದ ಮುಕ್ಕಾಲು ಕಿಲೋಮೀಟರಿಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. 12 ಮಕ್ಕಳು, ಒಬ್ಬರೇ ಮೇಷ್ಟ್ರು. ಪೇಟೆಯ ಕಾನ್ವೆಂಟ್ 16 ಕಿಲೋಮೀಟರ್, ವ್ಯಾನ್ ಬೆಳಿಗ್ಗೆ ಏಳೂಕಾಲಿಗೇ ಬರುತ್ತೆ. ಮನೆಯವರು ಪೇಟೆ ಅಂತಾರೆ, ನನಗೆ ಮನಸ್ಸಿಲ್ಲ.

ನಿವೃತ್ತ ಮೇಷ್ಟ್ರು:
ತಂಗೀ, 22 ವರ್ಷ ಇಂಥ ಏಕೋಪಾಧ್ಯಾಯ ಶಾಲೆಗಳಲ್ಲೇ ಕಳೆದವನು ನಾನು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಎಲ್ಲಿದ್ದಾರೆ! ನಾನು ಮೀಟಿಂಗಿಗೆ ತಾಲೂಕಿಗೆ ಹೋದ ದಿನ ಪಾಠವೂ ನನ್ನ ಜೊತೆ ಬೈಕ್ ಹತ್ತಿ ಹೋಗುತ್ತಿತ್ತು. ಆದರೂ ಮೂರನೇ ಕ್ಲಾಸಿನವರೆಗೆ ಊರ ಶಾಲೆಗೇ ಕಳಿಸಿ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ ನಲಿ-ಕಲಿ ಅನ್ನೋ ಕಲಿಕೆಯ ಪದ್ಧತಿ ಇಂಥ ಶಾಲೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು, ಎರಡು, ಮೂರನೆಯವರು ಒಟ್ಟಿಗೇ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಹಳ್ಳ ತುಂಬಿ ಎಂಟು ದಿನ ಬರದ ಮಗು, ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕನೇ ಕ್ಲಾಸಿಗೆ ಆ ಅನುಕೂಲ ಇಲ್ಲ. ಭಾಗಾಕಾರದ ವಾರ ತಪ್ಪಿಸಿಕೊಂಡವನು ಭಿನ್ನರಾಶಿಗೂ ತಿಣುಕುತ್ತಾನೆ. ಜುಲೈ ತಿಂಗಳ ಹಾಜರಿ ನೋಡಿದರೆ ಸಾಕು, ಯಾರ ಮನೆ ಹಳ್ಳದ ಆಚೆ ಅಂತ ಗೊತ್ತಾಗುತ್ತಿತ್ತು. ಮಾರ್ಚಿನ ಅಂಕಪಟ್ಟಿಯಲ್ಲೂ ಅವೇ ಹೆಸರುಗಳು ಕೆಳಗಿರುತ್ತಿದ್ದವು. ದಡ್ಡರಲ್ಲಮ್ಮ, ಹಳ್ಳದ ಆಚೆಯವರು.

ಇಬ್ಬರು ಮಕ್ಕಳ ಅಪ್ಪ:
ನಾವು ಪೇಟೆಗೇ ಕಳಿಸಿದ್ವಿ. 18 ಕಿಲೋಮೀಟರ್, ಆದ್ರೆ ವ್ಯಾನು ಕೇರಿ ಕೇರಿ ಸುತ್ತಿ ಹೋಗೋಕೆ ಒಂದೂಕಾಲು ಗಂಟೆ. ದೊಡ್ಡವನು ಮೊದಲ ವರ್ಷ ಸಂಜೆ ಬಂದವನೇ ಜಗಲಿ ಮೇಲೆ ಮಲಗಿಬಿಡ್ತಿದ್ದ, ಚೀಲ ಹೆಗಲಲ್ಲೇ. ಹೋಂವರ್ಕ್ ಮಾಡ್ತಿದ್ದಿದ್ದು ಅವನಮ್ಮ. ಇಂಗ್ಲಿಷ್ ಪದ್ಯ ಗಿಣಿ ಹಾಗೆ ಒಪ್ಪಿಸ್ತಿದ್ದ, ಬಸ್ಸಿನ ಬೋರ್ಡು ಓದೋಕೆ ಬರ್ತಿರಲಿಲ್ಲ. ಐದನೇ ಕ್ಲಾಸಿನ ಹೊತ್ತಿಗೆ ಸರಿಹೋದ, ಸುಳ್ಳು ಹೇಳಬಾರದು. ಅಲ್ಲಿ ಕ್ಲಾಸಿಗೊಬ್ಬರು ಟೀಚರ್, ಪೈಪೋಟಿಗೆ ಓರಗೆಯ ಮಕ್ಕಳು. ನಿಮ್ಮೂರಲ್ಲಿ ಅವಳ ಕ್ಲಾಸಿಗೆ ಎಷ್ಟು ಜನ ಇದ್ದಾರೆ ವಿಚಾರಿಸಿ. ಒಬ್ಬಳೇ ಆದ್ರೆ ಅದೂ ಕಷ್ಟವೇ.

ಬೆಂಗಳೂರಿನಿಂದ ಒಬ್ಬಳು:
ಪೇಟೆಯ ನೆಂಟರ ಮನೇಲಿ ಬಿಡಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ನನ್ನನ್ನ ಹಾಗೇ ಬಿಟ್ಟಿದ್ರು. ಮಾರ್ಕ್ಸ್ ಬಂತು. ಶನಿವಾರದ ಬಸ್ಸಿಗೆ ಕಾಯ್ತಿದ್ದಿದ್ದು ಬಿಟ್ರೆ ಆ ವರ್ಷಗಳದ್ದು ಬೇರೇನೂ ನೆನಪಿಲ್ಲ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಶಾಲೆಗೆ ಹೋಗಿ ಬಂದೆ. ಒಂದನೇ ಕ್ಲಾಸಿಗೆ ಇವಳೂ ಸೇರಿ ಮೂವರು. ಅತಿಥಿ ಶಿಕ್ಷಕರೊಬ್ಬರನ್ನು ಕೇಳಿದ್ದಾರಂತೆ, ಬಂದಾಗ ನೋಡೋಣ. ಮೇಷ್ಟ್ರೇ, ನಮ್ಮ ದಾರಿಯಲ್ಲೂ ಒಂದು ಹಳ್ಳ ಇದೆ, ದಾಟೋಕೆ ಹಾಕಿದ ಕಾಲುಸಂಕದ ದಬ್ಬೆ ಕೊಳೆತಿದೆ. ಮಳೆ ಹಿಡಿಯೋದರೊಳಗೆ ಹೊಸದು ಹಾಕ್ತೀನಿ ಅಂತ ಮನೆಯವರು ಅಂದಿದ್ದಾರೆ. ವ್ಯಾನಿನ ಮಾತು ಆಮೇಲೆ ಎತ್ತಿಲ್ಲ.