ಸಹಾಯ ಬೇಕು: ಆಸ್ತಮಾ ಇದ್ದವರು ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಮಾಡಿದ್ದೀರಾ?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾನು, ತಂಗಿ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೊರಟಿದ್ದೇವೆ. ರೆಸಾರ್ಟಿನಲ್ಲಿ ಐದು ರಾತ್ರಿ. ನೇತ್ರಾಣಿಯಲ್ಲಿ ನಾನೊಮ್ಮೆ ಡೈವ್ ಮಾಡಿದ್ದೆ. ಆ ಮೀನಿನ ಹಿಂಡು ಇನ್ನೂ ಕಣ್ಣಲ್ಲೇ ಇದೆ, ಅವಳಿಗೂ ತೋರಿಸಬೇಕು ಅನ್ನೋ ಆಸೆ. 18 ಮೀಟರ್ ಆಳದವರೆಗಿನ ಓಪನ್ ವಾಟರ್ ಕೋರ್ಸನ್ನೇ (ಸ್ಕೂಬಾ ಕಲಿಯುವವರ ಮೊದಲ ಹಂತದ ಕೋರ್ಸ್) ಇಬ್ಬರೂ ಮಾಡೋಣ ಅಂತಿದ್ದೇವೆ.

ಆದರೆ ಅವಳಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು. ಏಳೆಂಟು ವರ್ಷದಿಂದ ಇನ್‌ಹೇಲರ್ ಮುಟ್ಟಿಲ್ಲ. ಆರೋಗ್ಯದ ಫಾರ್ಮಿನಲ್ಲಿ ಇದನ್ನು ಮುಚ್ಚಿಟ್ಟರೆ ಸುಮ್ನೆ ಅಪಾಯ ಅಲ್ವಾ? ಬೆಂಗಳೂರಿನಲ್ಲಿ ಡೈವಿಂಗ್ ಬಗ್ಗೆ ತಿಳಿದ ಶ್ವಾಸಕೋಶದ ಡಾಕ್ಟರ್ ಇದ್ದರೆ ದಯವಿಟ್ಟು ತಿಳಿಸಿ. ನಿಮಗೆ ಯಾವ ಟೆಸ್ಟ್ ಮಾಡಿಸಲು ಹೇಳಿದರು?

ಇನ್ನೊಂದು ವಿಷಯ. ಹಲವು ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಅದಕ್ಕೇ ಕೊನೆಯ ದಿನ ಬರೀ ರಾಧಾನಗರ ಬೀಚ್. ಫೆರಿ ರದ್ದಾದರೆ ಅಂತ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ ಜಾಸ್ತಿ ಇಟ್ಟುಕೊಳ್ಳಬೇಕಾ?