ನೇರಳೆ ಆಕ್ಸಾಲಿಸ್ ಪೂರ್ತಿ ಮಲಗಿಬಿಟ್ಟಿದೆ. ನೀರು ಹಾಕಬೇಕಾ, ನಿಲ್ಲಿಸಬೇಕಾ?

ಗ್ಯಾಲರಿ ಗಿಡ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ಮೂರನೇ ಮಹಡಿಯ ಮನೆ ನಮ್ಮದು, ಗ್ಯಾಲರಿ ಪಡುವಣಕ್ಕೆ ಮುಖ ಮಾಡಿದೆ. ಹೋದ ಮಳೆಗಾಲದಲ್ಲಿ ನರ್ಸರಿಯಿಂದ ನೇರಳೆ ಬಣ್ಣದ ಆಕ್ಸಾಲಿಸ್ ತಂದಿದ್ದೆ. ಮೂರು ಮೂಲೆ ಎಲೆಯದ್ದು, ರಾತ್ರಿ ಎಲೆ ಮಡಚಿಕೊಳ್ಳುತ್ತಲ್ಲ, ಅದೇ. ಚಳಿಗಾಲ ಪೂರ್ತಿ ಕುಂಡದಿಂದ ಹೊರಗೆ ಚೆಲ್ಲುವಷ್ಟು ಬೆಳೆದಿತ್ತು, ತಿಳಿ ಗುಲಾಬಿ ಹೂವೂ ಬಿಟ್ಟಿತ್ತು.

ಯುಗಾದಿ ಆದಮೇಲೆ ಶುರುವಾಯ್ತು ನೋಡಿ. ಮೊದಲು ಎಲೆಯ ಅಂಚು ಕಂದಾಯ್ತು, ಆಮೇಲೆ ದಂಟುಗಳು ಮೆತ್ತಗಾಗಿ ಕುಂಡದ ಸುತ್ತ ಜೋತುಬಿದ್ದವು. ಈಗ ನಡುವೆ ನಾಲ್ಕೈದು ಎಲೆ ಬಿಟ್ಟರೆ ಏನೂ ಉಳಿದಿಲ್ಲ. ನರ್ಸರಿಯವರು ‘ನೀರು ಸಾಲ್ತಿಲ್ಲ, ದಿನಾ ಎರಡು ಹೊತ್ತು ಹಾಕಿ’ ಅಂದರು. ಪಕ್ಕದ ಮನೆ ಕಾಕೂ ‘ಹೋತದು, ಕಿತ್ತು ಒಗಿ’ ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ, ಮನೆಯಲ್ಲಿ ಬೆಕ್ಕು ಇದೆ, ಆಗಾಗ ಎಲೆ ಮೂಸುತ್ತೆ. ಅದಕ್ಕೇನಾದರೂ ಆಗುತ್ತಾ?

ಮಾಳಮಡ್ಡಿ ಮಲ್ಲಿಗೆ (ಧಾರವಾಡ)

ಕೀಳಬೇಡಿ. ದಿನಕ್ಕೆ ಎರಡು ಹೊತ್ತು ನೀರಂತೂ ಬೇಡವೇ ಬೇಡ, ಈ ಹೊತ್ತಿನಲ್ಲಿ ಗಿಡ ಸಾಯೋದಿದ್ದರೆ ಆ ನೀರಿನಿಂದಲೇ.

ಇದು ಗಡ್ಡೆ ಗಿಡ ರೀ. ಮೂಲ ದಕ್ಷಿಣ ಅಮೆರಿಕ, ಬ್ರೆಜಿಲ್ ಕಡೆಯದು. ಸುಮಾರು 15ರಿಂದ 24 ಡಿಗ್ರಿ ಇದ್ದರೆ ಚೆನ್ನಾಗಿರುತ್ತೆ. ಅದನ್ನು ದಾಟಿ ಸೆಕೆ ಹಾಗೇ ಮುಂದುವರಿದರೆ ಬಹಳ ಸಲ ಎಲೆಯನ್ನೆಲ್ಲ ಕೈಬಿಟ್ಟು ಗಡ್ಡೆಯಲ್ಲಿ ಜೀವ ಹಿಡಿದು ಕೂತುಬಿಡುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ನಿಮಗೆ ನಾನು ಹೇಳಬೇಕಾ? ಅದರಲ್ಲೂ ಪಡುವಣ ಗ್ಯಾಲರಿ ಅಂದರೆ ಮಧ್ಯಾಹ್ನದ ಬಿಸಿಲೂ ಅದಕ್ಕೇ, ಹೊತ್ತು ಮುಳುಗಿದ ಮೇಲೆ ಗೋಡೆ ಉಗುಳೋ ಕಾವೂ ಅದಕ್ಕೇ.

ಎಲೆ ನೋಡಿ ತೀರ್ಮಾನ ಮಾಡಬೇಡಿ, ಗಡ್ಡೆ ನೋಡಿ. ಕುಂಡದ ಅಂಚಿನಲ್ಲಿ ಹಳೆ ಚಮಚದಿಂದ ಮಣ್ಣು ಸರಿಸಿ, ಒಂದೆರಡು ಇಂಚಿನೊಳಗೇ ಸಿಗುತ್ತವೆ. ಕಿರುಬೆರಳಿಗಿಂತ ಸಣ್ಣವು, ಸ್ವಲ್ಪ ಉದ್ದಕ್ಕೆ ಇರುತ್ತವೆ, ಮೈತುಂಬ ಸಣ್ಣ ಹುರುಪೆಗಳು ಒಂದರ ಮೇಲೊಂದು ಕೂತಿರುತ್ತವೆ, ಬಣ್ಣ ಗುಲಾಬಿ ಬೆರೆತ ಕಂದು. ಕೆಲವಕ್ಕೆ ಕೆಳಗೆ ದಪ್ಪ ಬೇರು ಇಳಿದಿರುತ್ತದೆ, ಗಾಜಿನ ಹಾಗೆ ಬೆಳಕು ಹಾಯುವಂಥದ್ದು. ಅದು ರೋಗ ಅಲ್ಲ, ಗಿಡ ನೀರು ಕೂಡಿಟ್ಟುಕೊಳ್ಳೋ ಜಾಗ. ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ನಿದ್ದೆ. ಪಿಚಕ್ ಅಂದು ಕೆಟ್ಟ ವಾಸನೆ ಬಂದರೆ ಕೊಳೆತಿದೆ.

ಗಟ್ಟಿ ಇದ್ದರೆ ನೀರು ನಿಲ್ಲಿಸಿ. ಎಲೆ ತಾವಾಗಿಯೇ ಒಣಗಲಿ, ಹಸಿ ಇರುವಾಗಲೇ ಎಳೆದು ಕೀಳಬೇಡಿ, ಗಡ್ಡೆಗೆ ಹೋಗಬೇಕಾದ ಸತ್ವ ಅದರಲ್ಲಿ ಇನ್ನೂ ಇರುತ್ತೆ. ಪೂರ್ತಿ ಒಣಗಿದ ಮೇಲೆ ಕತ್ತರಿಸಿ, ಕುಂಡವನ್ನು ಮನೆಯೊಳಗೆ ತಂಪಾದ ಮೂಲೆಯಲ್ಲಿಡಿ. ಸುಮ್ನೆ ಮಾಳಿಗೆ ಮೇಲೆ ಇಟ್ಟು ಮರೆತರೆ ಅಡ್ಡಮಳೆ ಬಂದು ಒಂದೇ ಸಂಜೆಗೆ ಕುಂಡ ತೋಯಿಸಿ ಹೋಗುತ್ತೆ, ಆಮೇಲೆ ಕಾದ ಮಣ್ಣಲ್ಲಿ ಗಡ್ಡೆ ಬೆಂದ ಹಾಗೇ.

ಸಪ್ತಾಪುರ ನೆರಳು (ಧಾರವಾಡ)

ಅಕ್ಕಾರೆ, ಗಡ್ಡೆ ನೋಡಿ ಅಂದಿದ್ದು ಸರಿ. ಆದರೆ ಬೇಸಿಗೆ ಬಂತು ಅಂದ ಕೂಡಲೇ ಎಲ್ಲರೂ ನೀರು ನಿಲ್ಲಿಸಬೇಕು ಅನ್ನೋದನ್ನ ನಾನು ಒಪ್ಪಲ್ಲ. ಈ ಗಿಡ ಪ್ರತಿ ವರ್ಷ ಮಲಗಲೇಬೇಕು ಅಂತೇನಿಲ್ಲ. ನಮ್ಮದು ನೆಲಮಹಡಿ, ಬಡಗಣ ಕಿಟಕಿ, ಹೊರಗೆ ಮಾವಿನ ಮರ. ಅಲ್ಲಿರೋ ಕುಂಡ ಬೇಸಿಗೆಯಲ್ಲಿ ಸ್ವಲ್ಪ ಸೊರಗುತ್ತೆ, ಹೂ ಕಡಿಮೆ ಆಗುತ್ತೆ, ಆದರೆ ಎಲೆ ಇದ್ದೇ ಇರುತ್ತವೆ. ಮೇಲಿನ ಮಣ್ಣು ಒಂದು ಇಂಚು ಒಣಗಿದಾಗ ಮಾತ್ರ ನೀರು, ಅಷ್ಟೇ.

ನಡುವೆ ನಾಲ್ಕೈದು ಎಲೆ ನೆಟ್ಟಗೆ ನಿಂತಿವೆ ಅಂದರಲ್ಲ, ಕುಂಡ ಒಳಗೆ ತಂದು ಬಿಸಿಲು ತಪ್ಪಿಸಿ ನೋಡಿ. ಬಲವಂತವಾಗಿ ಯಾಕೆ ಮಲಗಿಸಬೇಕು?

ಮಾಳಮಡ್ಡಿ ಮಲ್ಲಿಗೆ (ಧಾರವಾಡ)

ನಿಮ್ಮ ಮಾವಿನ ಮರದ ನೆರಳನ್ನ ಅವರ ಮೂರನೇ ಮಹಡಿಗೆ ಒಯ್ಯೋಕಾಗುತ್ತಾ? 😄 ಮುಕ್ಕಾಲು ಭಾಗ ಹೋದಮೇಲೆ ಉಳಿದ ನಾಲ್ಕು ಎಲೆಗೋಸ್ಕರ ನೀರು ಹಾಕುತ್ತಾ ಕೂತರೆ, ಎಲೆ ಇಲ್ಲದ ಗಡ್ಡೆಗಳು ಆ ನೀರು ಕುಡಿಯಲ್ಲ, ಮಣ್ಣು ತೋಯ್ದೇ ಇರುತ್ತೆ. ಅರ್ಧಕ್ಕಿಂತ ಜಾಸ್ತಿ ಎಲೆ ನಿಂತಿದ್ದರೆ ನೀವು ಹೇಳಿದ ಹಾಗೆ ಮಾಡಬಹುದು. ಇವರದ್ದು ಆ ಹಂತ ದಾಟಿದೆ ಅನ್ನಿಸುತ್ತೆ.

ಬೆಟಗೇರಿ ಹಿತ್ತಲು (ಗದಗ)

ಇಬ್ಬರೂ ಸರಿ, ಆದರೆ ನಿದ್ದೆ ಅಂತ ಮುದ್ರೆ ಒತ್ತೋ ಮೊದಲು ನುಸಿ ಇದೆಯಾ ನೋಡಿಕೊಳ್ಳಿ. ಒಣ ಸೆಕೆಯಲ್ಲಿ ಆಕ್ಸಾಲಿಸ್‌ಗೆ ಕೆಂಪು ನುಸಿ ಹತ್ತೋದು ಮಾಮೂಲು, ನಮ್ಮ ಗದಗ ಕಡೆ ಅಂತೂ ಗಾಳಿಯಲ್ಲಿ ತೇವವೇ ಇರಲ್ಲ. ನುಸಿ ಹೀರಿದ ಎಲೆಯೂ ಬಣ್ಣ ಮಾಸಿ ಒಣಗುತ್ತೆ, ದೂರದಿಂದ ನೋಡಿದರೆ ಎರಡೂ ಒಂದೇ ಥರ.

ನೋಡೋದು ಹೇಗೆ ಅಂದರೆ, ಒಂದು ಬಿಳಿ ಹಾಳೆ ಎಲೆ ಕೆಳಗೆ ಹಿಡಿದು ಎಲೆಯನ್ನ ಎರಡು ಸಲ ತಟ್ಟಿ. ಹಾಳೆ ಮೇಲೆ ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಿಧಾನಕ್ಕೆ ನಡೆಯೋಕೆ ಶುರು ಮಾಡಿದರೆ ಅವೇ ನುಸಿ. ಜಾಸ್ತಿ ಆಗಿದ್ದರೆ ದಂಟಿನ ಸಂದಿಯಲ್ಲಿ ತೆಳ್ಳಗೆ ಬಲೆ ಕಾಣುತ್ತೆ. ಎಲೆಯ ಹಿಂದೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ಬೇರೆ, ತುಕ್ಕು ರೋಗ. ಆ ಎಲೆ ಕತ್ತರಿಸಿ ಹೊರಗೆ ಒಗೆಯಿರಿ, ಗೊಬ್ಬರದ ಡಬ್ಬಿಗೆ ಹಾಕಬೇಡಿ.

ನುಸಿಗೆ ಮೊದಲು ನೀರಿನ ರಭಸದಲ್ಲಿ ಎಲೆ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಜೊತೆಗೆ ಪಾತ್ರೆ ತೊಳೆಯೋ ಸೋಪಿನ ನೀರು ನಾಲ್ಕು ಹನಿ, ಚೆನ್ನಾಗಿ ಕುಲುಕಿ ಹೊಡೆಯಿರಿ. ಬೇರೆ ಗಿಡಕ್ಕೆಲ್ಲ ಸಂಜೆ ಹೊಡೀರಿ ಅಂತಾರೆ. ಇದಕ್ಕೆ ಸಂಜೆ ಹೊಡೆದರೆ ಪ್ರಯೋಜನ ಕಡಿಮೆ. ಯಾಕಂದ್ರೆ ಕತ್ತಲಾಗುತ್ತಿದ್ದಂತೆ ಇದು ಎಲೆಗಳನ್ನ ಕೆಳಮುಖವಾಗಿ ಮಡಚಿಕೊಳ್ಳುತ್ತೆ, ಎಲೆಯ ಹಿಂಬದಿಗಳೆಲ್ಲ ಒಳಗೆ ಸೇರಿಬಿಡುತ್ತವೆ, ನುಸಿ ಇರೋದೂ ಅಲ್ಲೇ. ಬೆಳಿಗ್ಗೆ ಎಲೆ ಬಿಚ್ಚಿಕೊಂಡ ಮೇಲೆ ಹೊಡೆದು ಆ ದಿನ ಪೂರ್ತಿ ನೆರಳಲ್ಲಿಡಿ, ಬಿಸಿಲಿಗೆ ಬಿದ್ದರೆ ಎಣ್ಣೆ ಎಲೆಯನ್ನ ಸುಡುತ್ತೆ.

ಇನ್ನೊಂದು, ನೀವು ಹಾಕೋದು ನಳದ ನೀರೋ ಬೋರಿನದ್ದೋ? ಸವಳು ನೀರಾದರೂ ಎಲೆ ಅಂಚು ಕಂದಾಗುತ್ತೆ. ಕುಂಡದ ಹೊರಮೈಯಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ.

ಗ್ಯಾಲರಿ ಗಿಡ (ಹುಬ್ಬಳ್ಳಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಎಲ್ಲ ಕೆದಕಿ ನೋಡಿದೆ. ಹಾಳೆ ಮೇಲೆ ಏನೂ ನಡೆಯಲಿಲ್ಲ. ನೀರು ನಳದ್ದೇ, ಮಲಪ್ರಭೆದು. ಐದಾರು ದಿನಕ್ಕೊಮ್ಮೆ ಬರುತ್ತೆ, ನಡುವೆ ಖಾಲಿ ಆದರೆ ಅಪಾರ್ಟ್‌ಮೆಂಟಿನ ಬೋರ್. ಕುಂಡದ ಬುಡದಲ್ಲಿ ಬಿಳಿ ಗೆರೆ ಇದೆ, ಜಾಸ್ತಿ ಏನಿಲ್ಲ.

ಗಡ್ಡೆ ಸಿಕ್ಕವು! ಮಾಳಮಡ್ಡಿ ಅಕ್ಕಾರು ಹೇಳಿದ ಹಾಗೇ ಹುರುಪೆ ಹುರುಪೆ. ಹೆಚ್ಚಿನವು ಗಟ್ಟಿ ಇವೆ, ಆದರೆ ತಳದ ಕಡೆ ಇದ್ದ ಕೆಲವು ಮೆತ್ತಗಾಗಿ ವಾಸನೆ ಬರ್ತಿದೆ. ಆ ತಳದ ಮಣ್ಣು ಇನ್ನೂ ಒದ್ದೆ, ಅಂಟಂಟು, ಕಪ್ಪಗಿದೆ. ನರ್ಸರಿ ಪ್ಯಾಕೆಟ್ಟಿನ ಜೊತೆ ಬಂದ ಮಣ್ಣು ಅದು, ನಾನು ಬದಲಾಯಿಸಿರಲಿಲ್ಲ. ಈಗೇನು ಮಾಡಲಿ, ಹಾಗೇ ಒಣಗಲು ಬಿಡಲಾ?

ಮಾಳಮಡ್ಡಿ ಮಲ್ಲಿಗೆ (ಧಾರವಾಡ)

ಬಿಡಬೇಡಿ, ಕೊಳೆತದ್ದು ಪಕ್ಕದ್ದನ್ನೂ ಹಾಳು ಮಾಡುತ್ತೆ. ಪೂರ್ತಿ ಕುಂಡ ಪೇಪರ್ ಮೇಲೆ ಬೋರಲು ಹಾಕಿ. ಗಟ್ಟಿ ಗಡ್ಡೆ ಆರಿಸಿ, ಎಲೆ ಇದ್ದರೂ ಚಿಂತೆಯಿಲ್ಲ, ನೆರಳಲ್ಲಿ ಎರಡು ದಿನ ಹರವಿ. ಮೇಲೆ ತೇವ ಆರಿದ ಮೇಲೆ ಕಾಗದದ ಚೀಲದಲ್ಲೋ ಒಣ ಕೋಕೋಪೀಟಿನಲ್ಲೋ (ತೆಂಗಿನ ನಾರಿನ ಪುಡಿ) ಹಾಕಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೆವೆತು ಬೂಸ್ಟು ಬರುತ್ತೆ. ಆಗಾಗ ತೆಗೆದು ಒತ್ತಿ ನೋಡುತ್ತಿರಿ.

ಮಣ್ಣಿನ ಬಗ್ಗೆ ಕೇಳಿದರೆ, ಹುಬ್ಬಳ್ಳಿಯಿಂದ ಗದಗದ ತನಕ ಸಿಗೋ ಎರೆಮಣ್ಣು ಕುಂಡಕ್ಕೆ ಬೇಡ. ಹೊಲದಲ್ಲಿ ಕಡಲೆ, ಜೋಳ ಬೆಳೆಯೋಕೆ ಅದರಂಥ ಮಣ್ಣಿಲ್ಲ, ಆದರೆ ಕುಂಡದಲ್ಲಿ ತೋಯ್ದರೆ ನೀರು ಬಿಡಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತೆ. ನಮ್ಮ ಧಾರವಾಡ ಕಡೆಯ ಕೆಂಪು ಮಸಾರಿ ಮಣ್ಣು ಸಿಕ್ಕರೆ ಒಳ್ಳೇದು. ಮಸಾರಿ ಎರಡು ಪಾಲು, ಕೋಕೋಪೀಟ್ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಮಣ್ಣು ಸಡಿಲ ಮಾಡೋ ಬಿಳಿ ಹರಳು, ಪರ್ಲೈಟ್, ದುಡ್ಡು ಕೊಟ್ಟು ತರಬೇಕಂತಿಲ್ಲ, ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಒಂದು ಹಿಡಿ ಸೇರಿಸಿ. ಕುಂಬಾರರ ಮಣ್ಣಿನ ಕುಂಡ ಪ್ಲಾಸ್ಟಿಕ್‌ಗಿಂತ ಬೇಗ ಆರುತ್ತೆ, ಅದನ್ನೇ ತನ್ನಿ. ಆಳದ ಕುಂಡ ಬೇಡ, ಆರು ಇಂಚಿನದ್ದು ಧಾರಾಳ ಸಾಕು, ಅದರಲ್ಲಿ ಆರೇಳು ಗಡ್ಡೆ ಕೂರುತ್ತವೆ.

ಮಿರಗದ ಮಳೆ ಹಿಡಿದು ಹವೆ ತಂಪಾದ ಮೇಲೆ ನೆಡಿ. ಒಂದೂವರೆ ಇಂಚು ಆಳ, ಯಾವ ಮುಖ ಮೇಲೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅಡ್ಡ ಮಲಗಿಸಿದರೂ ದಾರಿ ಹುಡುಕಿಕೊಂಡು ಬರುತ್ತೆ. ಒಮ್ಮೆ ನೀರು ಹಾಕಿ, ಮೊಳಕೆ ಕಾಣೋ ತನಕ ಮಣ್ಣು ಸುಮ್ನೆ ತೇವ ಇದ್ದರೆ ಸಾಕು. ಎರಡರಿಂದ ನಾಲ್ಕು ವಾರ ಹಿಡಿಯುತ್ತೆ. ಒಂದು ವಾರಕ್ಕೇ ಬರಲಿಲ್ಲ ಅಂತ ಕೆದಕಬೇಡಿ.

ಹಾನಗಲ್ ಹೊಲ (ಹಾವೇರಿ)

ಆ ಕುಂಡದ ಹಳೆ ಮಣ್ಣನ್ನ ಯಾರ ಹಿತ್ತಲಿಗೂ ಸುರಿಯಬೇಡ್ರಿ, ಅದೊಂದು ಕೆಲಸ ಮಾಡಿ. ನೇರಳೆದು ಅಷ್ಟೊಂದು ಹಾವಳಿ ಕೊಡಲ್ಲ, ಆದರೆ ಇದರ ದಾಯಾದಿ ಒಂದಿದೆ, ಹಸಿರು ಎಲೆ, ಗುಲಾಬಿ ಹೂ, ಎಲೆ ಮೀನಿನ ಬಾಲದ ಥರ ಸೀಳಿರುತ್ತೆ. ಹೂ ಚಂದ ಅಂತ ಜನ ತಂದು ನೆಡ್ತಾರೆ. ಒಂದು ಗಿಡದ ಬುಡದಲ್ಲಿ ಸಣ್ಣ ಸಣ್ಣ ಮರಿಗಡ್ಡೆ ಗುಂಪು ಕಟ್ಟಿರುತ್ತೆ, ಕಿತ್ತಾಗ ಗಿಡ ಕೈಗೆ ಬರುತ್ತೆ, ಮರಿಗಡ್ಡೆ ಮಣ್ಣಲ್ಲೇ ಉಳಿಯುತ್ತೆ. ತೋಟಕ್ಕೆ ಹೊಕ್ಕರೆ ಕುಂಟೆ ಹೊಡೆದಷ್ಟೂ ಹರಡುತ್ತೆ. ನಮ್ಮ ಅಡಿಕೆ ತೋಟದ ಒಂದು ಮೂಲೆ ಅದರದ್ದೇ ಆಗಿದೆ. ಯಾರಾದರೂ ಪುಕ್ಕಟೆ ಕೊಡ್ತೀನಿ ಅಂದರೆ ಗುಲಾಬಿ ಹೂವಿನ ಹಸಿರೆಲೆಯದ್ದು ಕುಂಡದಲ್ಲಿ ಬಿಟ್ಟು ನೆಲಕ್ಕೆ ಬೇಡವೇ ಬೇಡ.

ಹಳದಿ ಹೂವಿನ ಸಣ್ಣದು, ಕಲ್ಲು ಸಂದಿಯಲ್ಲಿ ತೆವಳಿಕೊಂಡು ಹೋಗೋ ಹುಳಿಸೊಪ್ಪು, ಅದೂ ಇದೇ ಕುಲ. ಅದರ ಕಾಯಿ ಬಲಿತಾಗ ಮುಟ್ಟಿದರೆ ಪಟ್ ಅಂತ ಸಿಡಿದು ಬೀಜ ಮುಖಕ್ಕೆ ಹಾರುತ್ತೆ, ಹುಡುಗರಿಗೆ ಅದೇ ಆಟ. ನಾವು ಅದನ್ನ ಕೀಳಲ್ಲ. ಎಳೆ ಸೊಪ್ಪು ಮಜ್ಜಿಗೆ ಹಾಕಿ ತಂಬುಳಿ ಮಾಡ್ತಾರೆ, ನಮ್ಮವ್ವ ಅದನ್ನೇ ಹಿಡಿ ತುಂಬ ತಗೊಂಡು ತಾಮ್ರದ ತಂಬಿಗೆ ತಿಕ್ಕೋದು, ಹುಣಸೆಹಣ್ಣು ಬೇಕಾಗಲ್ಲ. ನೆಲಕ್ಕೆ ತಾಗಿ ಹಾರೋ ಸಣ್ಣ ತಿಳಿನೀಲಿ ಚಿಟ್ಟೆ ಇದೆಯಲ್ಲ, ಅದು ಮೊಟ್ಟೆ ಇಡೋದೂ ಅದೇ ಸೊಪ್ಪಿಗೆ.

ಸಪ್ತಾಪುರ ನೆರಳು (ಧಾರವಾಡ)

ತಂಬುಳಿ ವಿಷಯ ಬಂತಲ್ಲ, ಒಂದು ಮಾತು. ಆ ಹುಳಿ ಬರೋದೇ ಆಕ್ಸಾಲಿಕ್ ಆಮ್ಲದಿಂದ. ಎಲ್ಲೋ ಒಮ್ಮೆ ಸ್ವಲ್ಪ ತಿಂದರೆ ಏನಾಗಲ್ಲ, ಜೊತೆಗೆ ಮಜ್ಜಿಗೆ ಇದ್ದರೆ ಇನ್ನೂ ಒಳ್ಳೇದು, ಅದರ ಕ್ಯಾಲ್ಸಿಯಂ ಆಮ್ಲವನ್ನ ಹೊಟ್ಟೆಯಲ್ಲೇ ಕಟ್ಟಿಹಾಕುತ್ತೆ. ಮೂತ್ರಪಿಂಡದಲ್ಲಿ ಕಲ್ಲು ಆದವರು ಮಾತ್ರ ಈ ಸೊಪ್ಪಿನ ತಂಟೆಗೆ ಹೋಗಬೇಡಿ. ಧಾರೆಹುಳಿ, ಬಿಂಬುಳಿ ಕೂಡ ಇದೇ ಕುಟುಂಬದವು, ಅವಕ್ಕೂ ಇದೇ ಮಾತು. ನರ್ಸರಿ ಗಿಡದ ಎಲೆ ಯಾರೂ ತಿನ್ನಬೇಡಿ, ಅದಕ್ಕೆ ಏನು ಔಷಧಿ ಹೊಡೆದಿರುತ್ತಾರೋ ಯಾರಿಗೆ ಗೊತ್ತು.

ಬೆಕ್ಕಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮೂಸಿದರೆ ಏನಾಗಲ್ಲ. ತಿಂದರೆ ಕೆಟ್ಟದ್ದು, ಬೆಕ್ಕಿಗೂ ನಾಯಿಗೂ. ಜೊಲ್ಲು ಸುರಿಸುತ್ತೆ, ವಾಂತಿ ಆಗಬಹುದು, ಜಾಸ್ತಿ ತಿಂದರೆ ಕಿಡ್ನಿಗೆ ಪೆಟ್ಟು. ಹುಳಿ ಇರೋದರಿಂದ ಸಾಮಾನ್ಯವಾಗಿ ಒಂದು ಕಡಿತಕ್ಕೇ ಬಿಟ್ಟುಬಿಡುತ್ತವೆ, ಆದರೂ ತೂಗುಕುಂಡದಲ್ಲಿ ಹಾಕಿ. ಚೀಲದಲ್ಲಿ ಇಟ್ಟ ಗಡ್ಡೆಯನ್ನೂ ಅದರ ಬಾಯಿಗೆ ಸಿಗದ ಹಾಗೆ ಮೇಲಿಡಿ.

ಗ್ಯಾಲರಿ ಗಿಡ (ಹುಬ್ಬಳ್ಳಿ)

ಸರ್, ತೂಗು ಹಾಕಬೇಕಂದರೆ ಅದೇ ಗ್ಯಾಲರಿಯೇ ಗತಿ. ಪಡುವಣ ಬಿಸಿಲಿಗೆ ಹಸಿರು ಬಲೆ ಕಟ್ಟಿದರೆ ನಡೆಯುತ್ತಾ? ಮನೆಯೊಳಗೆ ಮೂಡಣಕ್ಕೆ ಅಡುಗೆಮನೆ ಕಿಟಕಿ ಒಂದಿದೆ, ಬೆಳಿಗ್ಗೆ ಒಂದೆರಡು ತಾಸು ಬಿಸಿಲು ಬರುತ್ತೆ.

ಬೆಟಗೇರಿ ಹಿತ್ತಲು (ಗದಗ)

ಅಡುಗೆಮನೆ ಕಿಟಕಿಯೇ ಸರಿ ರೀ, ಬೇರೆ ಯೋಚನೆ ಮಾಡಬೇಡಿ. ಬೆಳಗಿನ ಎಳೆ ಬಿಸಿಲು ಸಿಕ್ಕರೆ ಎಲೆಯ ನೇರಳೆ ಗಾಢವಾಗುತ್ತೆ, ಹೂವೂ ಬರುತ್ತೆ. ಕತ್ತಲಲ್ಲಿಟ್ಟರೆ ದಂಟು ಉದ್ದಕ್ಕೆ ಎಳೆದು ಒಂದೇ ಕಡೆ ಬಾಗುತ್ತೆ, ಹಾಗಾಗಿ ವಾರಕ್ಕೊಮ್ಮೆ ಕುಂಡ ತಿರುಗಿಸಿಡಿ. ಒಲೆಯ ಕಾವು ತಾಗದಷ್ಟು ದೂರ ಇರಲಿ. ಗ್ಯಾಲರಿಗೆ ದೀಪಾವಳಿ ಕಳೆದ ಮೇಲೆ ಒಯ್ಯಬಹುದು, ಶಿವರಾತ್ರಿ ಹೊತ್ತಿಗೆ ವಾಪಸ್ ಒಳಗೆ. ಬೋರಿನ ನೀರು ಹಾಕಲೇಬೇಕಾದ ದಿನಗಳು ಬಂದರೆ ತಿಂಗಳಿಗೊಮ್ಮೆ ನಳದ ನೀರನ್ನ ತಳದ ತೂತಿನಿಂದ ಹರಿದು ಹೋಗೋವಷ್ಟು ಸುರಿದು ಮಣ್ಣು ತೊಳೆಯಿರಿ, ಆ ಬಿಳಿ ಉಪ್ಪು ಇಳಿದು ಹೋಗುತ್ತೆ.

ಮಾಳಮಡ್ಡಿ ಮಲ್ಲಿಗೆ (ಧಾರವಾಡ)

ಹೂಂ, ಕಿಟಕಿಯೇ ಇರಲಿ. ಗೊಬ್ಬರ ಮಾತ್ರ ಈಗಲೇ ಹಾಕಬೇಡಿ, ನೆಟ್ಟ ಮೇಲೆ ಎಲೆ ಒಂದು ಮುಷ್ಟಿ ಆದಾಗ ಹಾಕಿದರೆ ಸಾಕು. ಗಡ್ಡೆ ಜಾಸ್ತಿ ಇದ್ದರೆ ಎಲ್ಲ ಒಂದೇ ಕುಂಡಕ್ಕೆ ತುರುಕಬೇಡಿ, ಎರಡು ಕುಂಡ ಮಾಡಿ.